ಕೃತಕ ಉಗುರು ಮತ್ತು ವುಝೂ

ಪೆಟ್ಟಿನಿಂದಲೋ ಫಂಗಸ್‌ನಿಂದಲೋ ಹಾಳಾದ ಕಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಿ ಬೆಳೆಯಲು 12ರಿಂದ 18 ತಿಂಗಳು ಬೇಕು. ಅಲ್ಲಿಯವರೆಗೆ ಕೃತಕ ಉಗುರು ಕೂರಿಸಿಕೊಳ್ಳುವ ಮುಸ್ಲಿಮರಿಗೆ ಎರಡು ಪ್ರಶ್ನೆ: ಇದು ದೇವರ ಸೃಷ್ಟಿಯನ್ನು ತಿದ್ದಿದಂತೆಯೇ? ನಮಾಜಿಗೆ ಮುನ್ನ ಕೈಕಾಲು, ಮುಖ ತೊಳೆದು ಶುದ್ಧರಾಗುವ ವುಝೂ ಮಾಡುವಾಗ ನೀರು ತಾಗದ ಆ ಜಾಗದ ಗತಿಯೇನು? ಮೊದಲನೆಯದಕ್ಕೆ ಪ್ರವಾದಿಯವರ ನುಡಿ-ನಡೆಗಳ ವರದಿಯಾದ ಹದೀಸ್‌ನಲ್ಲೇ ದಾರಿಯಿದೆ. ಕಾಳಗದಲ್ಲಿ ಮೂಗು ಕಳೆದುಕೊಂಡ ಅರ್ಫಜಾ ಎಂಬ ಪ್ರವಾದಿಯವರ ಸಂಗಡಿಗರು ಬೆಳ್ಳಿಯ ಮೂಗು ಹಾಕಿಸಿಕೊಂಡರು. ಅದು ನಾರತೊಡಗಿದಾಗ ಚಿನ್ನದ್ದನ್ನು ಹಾಕಿಸಿಕೊಳ್ಳಲು ಪ್ರವಾದಿಯವರು ಹೇಳಿದರೆಂದು ಅಬೂ ದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿದೆ. ಗಂಡಸರಿಗೆ ಚಿನ್ನ ನಿಷಿದ್ಧ, ಆದರೂ ಹೇಳಿದರು. ಲೋಹದ ಮೂಗು ವಾಸನೆಯನ್ನು ಗ್ರಹಿಸಲಾರದು. ಅದು ಕಾಯುವುದು ಮುಖದ ಅಂದವನ್ನು, ಮನುಷ್ಯನ ಮಾನವನ್ನು. ಕಳೆದದ್ದನ್ನು ಮರಳಿ ಪಡೆಯುವುದನ್ನು ಶೋಕಿಯೆಂದು ಹಳಿಯುವುದು ನನಗೆ ನಿರ್ದಯವೆನಿಸುತ್ತದೆ.

ಮೂಗೆಲ್ಲಿ, ಕಾಲುಗುರೆಲ್ಲಿ ಎಂಬ ಆಕ್ಷೇಪಕ್ಕೆ ತೂಕವಿದೆ. ವುಝೂ ಕುರಿತ ಎರಡನೆಯ ಪ್ರಶ್ನೆಯಲ್ಲಿ ಅದು ಗೆಲ್ಲುತ್ತದೆ ಕೂಡ. ಗಾಯದ ಪಟ್ಟಿಯ ಮೇಲೆ ಒದ್ದೆ ಕೈ ಸವರಿದರೆ ಸಾಕೆಂದು ಇಸ್ಲಾಮೀ ಧರ್ಮಶಾಸ್ತ್ರವಾದ ಫಿಕ್ಹ್ ಒಪ್ಪುವುದು, ಅದನ್ನು ತೆಗೆದರೆ ಹಾನಿಯಾಗುವಾಗ. ಉಗುರಿನಡಿಯ ಎಳೆ ಚರ್ಮವನ್ನು ಕಾಯುವ, ಕಿತ್ತರೆ ಗಾಯವಾಗುವ ಹೊದಿಕೆಗೂ ಈ ರಿಯಾಯಿತಿ ಸಲ್ಲಬೇಕು. ಬರೀ ಚಂದಕ್ಕೆ ಅಂಟಿಸಿದ್ದಕ್ಕೆ ಸಲ್ಲದು. ಚಂದ ಪಾಪವೆಂದಲ್ಲ, ಅದು ನೀರಿಗೆ ಅಡ್ಡವೆಂದು. ಅಂಥವರು ವುಝೂವಿಗೆ ಮುನ್ನ ತೆಗೆದಿಡಬಹುದಾದ ಉಗುರನ್ನೇ ಆರಿಸಿಕೊಳ್ಳಲಿ.