ಪಾಪರ್ ಚೀಟಿ

ನಮ್ಮ ಕಡೆ ಸಾಲ ತೀರಿಸಲಾರದೆ ಕೋರ್ಟಿಗೆ ಹೋದವನನ್ನು ‘ಪಾಪರ್ ಆದ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬಡವ ಎಂಬ ಅರ್ಥದ ಮಾತು ಅದು. ಕನ್ನಡಕ್ಕೆ ಬಂದ ಮೇಲೆ ಅದರೊಳಗೆ ‘ಪಾಪ’ವೂ ಕೇಳಿಸತೊಡಗಿತು. ‘ಪಾಪರ್ ಚೀಟಿ ತಗೊಂಡಿದ್ದಾನಂತೆ’ ಎನ್ನುವಾಗ ದನಿ ತಾನಾಗಿಯೇ ತಗ್ಗುತ್ತದೆ, ಕೆಟ್ಟ ರೋಗದ ಹೆಸರು ಹೇಳಿದ ಹಾಗೆ.

ಸಾಲದ ಮಾತು ಬಂದಾಗಲೆಲ್ಲ ನನಗೆ ಹರಿಶ್ಚಂದ್ರ ನೆನಪಾಗುತ್ತಾನೆ. ವರ್ಷ ವರ್ಷ ಮಕ್ಕಳಿಗೆ ಅವನ ಕಥೆ ಹೇಳಿದ್ದೇನೆ. ವಿಶ್ವಾಮಿತ್ರನ ಹೊನ್ನು ತೀರಿಸಲು ಹೆಂಡತಿ ಮಗನನ್ನು ಮಾರಿದ, ಕೊನೆಗೆ ತನ್ನನ್ನೂ ಮಾರಿಕೊಂಡ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಲೋಹಿತಾಶ್ವ ಏನು ಸಾಲ ಮಾಡಿದ್ದ?” ಎಂದಳು.

ಆ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಕಾವ್ಯದಲ್ಲಲ್ಲ, ಕಾನೂನಿನಲ್ಲಿ. 1920ರ ಪ್ರಾಂತೀಯ ದಿವಾಳಿ ಕಾಯಿದೆಯಂತೆ ಕೋರ್ಟು ಒಬ್ಬನನ್ನು ದಿವಾಳಿ ಎಂದು ಸಾರಿದರೆ ಅವನ ಆಸ್ತಿ ಕೋರ್ಟಿನ ಅಥವಾ ರಿಸೀವರನ ವಶಕ್ಕೆ ಹೋಗುತ್ತದೆ. ಅದನ್ನು ಮಾರಿ, ಬಂದದ್ದನ್ನು ಸಾಲಗಾರರಿಗೆ ಅವರವರ ಬಾಕಿಗೆ ತಕ್ಕಂತೆ ಹಂಚುತ್ತಾರೆ. ಆದರೆ ಅಡಿಗೆಯ ಪಾತ್ರೆ, ಉಡುವ ಬಟ್ಟೆ, ಹಾಸಿಗೆ, ಧರ್ಮದ ಪ್ರಕಾರ ಹೆಂಗಸು ತೆಗೆಯಬಾರದ ಒಡವೆ, ಕಸುಬುದಾರನ ಉಪಕರಣ, ಇವನ್ನು ಮುಟ್ಟುವಂತಿಲ್ಲ. ಹೆಂಡತಿ ಮಕ್ಕಳಂತೂ ಹರಾಜಿನ ಸರಕೇ ಅಲ್ಲ. ಈ ಒಂದು ವಿಷಯದಲ್ಲಿ ನಮ್ಮ ಕಾನೂನು ಹರಿಶ್ಚಂದ್ರನಿಗಿಂತ ದೊಡ್ಡದು ಎಂದೇ ನನಗೆ ಅನಿಸುತ್ತದೆ. (2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು. ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವನ್ನು 2019ರಲ್ಲಿ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಬಡವನ ಸರದಿ ಕೊನೆಗೇ ಬರುವುದು.)

ನಮ್ಮ ಬೀದಿಯ ದರ್ಜಿಯೊಬ್ಬರು ಅಂಗಡಿ ದೊಡ್ಡದು ಮಾಡಲು ಹೋಗಿ ಬಟ್ಟೆಯ ಸಾಲ, ಬ್ಯಾಂಕಿನ ಸಾಲ, ಕೈಸಾಲ ಎಲ್ಲ ಸೇರಿ ಮುಳುಗಿದರು. ಸೈಟು ಹೋಯಿತು, ಅಂಗಡಿಯ ಸರಕು ಹೋಯಿತು. ಹೊಲಿಗೆ ಯಂತ್ರ ಉಳಿಯಿತು.

“ಹೀಗೆ ಬಿಟ್ಟುಬಿಟ್ಟರೆ ಸಾಲ ಮಾಡಿದವರೆಲ್ಲ ಕೈ ಎತ್ತುತ್ತಾರೆ” ಎಂದರು ಹಲವರು. ಅಷ್ಟು ಸುಲಭವಲ್ಲ. ಅರ್ಜಿಗೆ ಮುಂಚಿನ ಎರಡು ವರ್ಷಗಳಲ್ಲಿ ಬಾಮೈದನ ಹೆಸರಿಗೆ ಮನೆ ಬರೆದುಕೊಟ್ಟಿದ್ದರೆ ಅದನ್ನು ರದ್ದು ಮಾಡಿಸಬಹುದು. ಬಿಡುಗಡೆ ಬೇಕೆಂದು ಮತ್ತೆ ಅರ್ಜಿ ಹಾಕಬೇಕು, ಆಗ ನಡತೆಯನ್ನೆಲ್ಲ ತೂಗಿ ನೋಡುತ್ತಾರೆ. ಬಿಡುಗಡೆಯಾಗದ ದಿವಾಳಿ ಶಾಸಕನಾಗುವಂತಿಲ್ಲ. ಬಿಡುಗಡೆಯಾದರೂ ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ತಪ್ಪುವುದಿಲ್ಲ. ಕೊಡುವ ಶಕ್ತಿಯಿಲ್ಲದವನನ್ನು ಸಾಲಕ್ಕಾಗಿ ಜೈಲಿಗೆ ಹಾಕುವುದು ಅನ್ಯಾಯವೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1980ರಲ್ಲೇ ತೀರ್ಪು ಕೊಟ್ಟಿದ್ದಾರೆ. ಇದೊಂದೂ ಗೊತ್ತಿಲ್ಲದೆ, ಮನೆ ಮುಂದೆ ಬಂದು ಕೂಗುವವರಿಗೆ ಹೆದರಿ ಊರು ಬಿಟ್ಟವರಿದ್ದಾರೆ, ಪ್ರಾಣ ಬಿಟ್ಟವರಿದ್ದಾರೆ. ಅಂಥ ವಸೂಲಿಯ ವಿರುದ್ಧ 2025ರಲ್ಲಿ ನಮ್ಮ ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಇನ್ನು ಕಷ್ಟದ ಪ್ರಶ್ನೆ. ಕೋರ್ಟು ಬಿಟ್ಟ ಸಾಲವನ್ನು ಮನಸ್ಸೂ ಬಿಡಬೇಕೆ? ದರ್ಜಿಗೆ ಬಿಡುಗಡೆ ಸಿಕ್ಕ ಮೇಲೆ, ಉಳಿದ ಆ ಯಂತ್ರದಲ್ಲೇ ಹೊಲಿದು, ಹಾಲು ಹಾಕುತ್ತಿದ್ದ ಅಜ್ಜಿಗೆ ತಿಂಗಳು ತಿಂಗಳು ಹಣ ಕೊಡತೊಡಗಿದರು. ಬ್ಯಾಂಕಿಗೆ ಕೊಡಲಿಲ್ಲ. “ಕೋರ್ಟೇ ಬಿಟ್ಟಿದ್ದನ್ನು ಇವನ್ಯಾಕೆ ಕೊಡ್ತಾನೆ, ಕೊಡೋದಾದ್ರೆ ಎಲ್ಲರಿಗೂ ಕೊಡಲಿ” ಎಂದು ಜನ ಎರಡೂ ಕಡೆಯಿಂದ ಆಡಿಕೊಂಡರು. ನಾನು ದರ್ಜಿಯ ಪಕ್ಷ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕೋರ್ಟಿನ ಧರ್ಮ. ಬ್ಯಾಂಕು ಬಡ್ಡಿ ಹಾಕುವಾಗಲೇ ಮುಳುಗುವ ಸಾಲವನ್ನೂ ಲೆಕ್ಕ ಹಿಡಿದಿರುತ್ತದೆ. ಅಜ್ಜಿ ಕೊಟ್ಟದ್ದು ಬೆಳಗಿನ ಜಾವ ಎದ್ದು ಕರೆದ ಹಾಲು. ಅವಳು “ಅಸಲು ಸಾಕಪ್ಪ” ಎಂದು ಅಷ್ಟನ್ನೇ ಇಟ್ಟುಕೊಂಡಳು.

ಮೊನ್ನೆ ಅವರ ಮಗಳನ್ನು ನೋಡಲು ಬಂದಿದ್ದರು. ಯಾರೋ ಮೊದಲೇ ಕಿವಿ ಊದಿದ್ದರು. ದರ್ಜಿ ಟ್ರಂಕಿನಿಂದ ಕೋರ್ಟಿನ ಬಿಡುಗಡೆ ಆದೇಶದ ನಕಲು ತೆಗೆದು ತೋರಿಸಿದರು. ಹುಡುಗನ ತಂದೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಮಡಿಸಿ ಕೊಟ್ಟು, ಕಾಫಿ ಮುಗಿಸಿ, “ತಿಳಿಸ್ತೀವಿ” ಎಂದು ಎದ್ದರು.