ತೊಗಟೆಯಡಿಯ ಕಣ್ಣು

ಗೋಡೆಗೆ ಒರಗಿಸಿ, ತಂತಿಗೆ ಕಟ್ಟಿ, ಕೊಂಬೆಗಳನ್ನು ಎಡಕ್ಕೂ ಬಲಕ್ಕೂ ಸಾಲುಸಾಲಾಗಿ ಚಾಚಿಸಿ ಬೆಳೆಸಿದ ಸೇಬಿನ ಮರಗಳು ಯುರೋಪಿನ ಹಿತ್ತಲುಗಳಲ್ಲಿ ಕಾಣಸಿಗುತ್ತವೆ. ಹೀಗೆ ಬೆಳೆಸುವ ಕ್ರಮಕ್ಕೆ ಎಸ್ಪಾಲಿಯರ್ ಎಂದು ಹೆಸರು. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಗಾಗಿ ಅವನ ತೋಟಗಾರ ಲಾ ಕ್ವಿಂಟಿನಿ 1678ರಿಂದ 1683ರವರೆಗೆ ವರ್ಸೇಲ್ಸ್‌ನಲ್ಲಿ ರೂಪಿಸಿದ ಅರಮನೆಯ ತೋಟದಲ್ಲಿ ಇವತ್ತಿಗೂ ಸೇಬು, ಪೇರ್ ಮರಗಳು ಹೀಗೇ ಕೈಚಾಚಿ ನಿಂತಿವೆ. ಇಷ್ಟೊಂದು ಶಿಸ್ತು ಕಂಡರೆ ನನಗೆ ಮೊದಲು ಹುಟ್ಟುವುದು ಕನಿಕರ. ಬೆರಗು ಶುರುವಾಗುವುದು ಒಂದು ಕೊಂಬೆ ಮುರಿದ ಮೇಲೆ.

ಹಿತ್ತಲ ಮಾವಿನಲ್ಲಿ ಒಂದು ಕೊಂಬೆ ಹೋದರೆ ಯಾರ ಗಮನಕ್ಕೂ ಬಾರದು. ಇಲ್ಲಿ ಹಾಗಲ್ಲ, ಮುಂದಿನ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಚಳಿಗಾಲ ಮುಗಿದು ಮರ ಇನ್ನೇನು ಚಿಗುರಬೇಕು, ಅಷ್ಟರಲ್ಲಿ ಆ ಖಾಲಿ ಜಾಗ ತುಂಬಲೆಂದು ತೋಟಗಾರ ತಂತಿಯ ಮಟ್ಟದಲ್ಲಿ ಕಾಂಡವನ್ನು ಬೆರಳಿನಿಂದ ಸವರುತ್ತಾ ಸಣ್ಣದೊಂದು ಉಬ್ಬು, ಅಂದರೆ ಚಿಗುರದೆ ಉಳಿದ ಕಣ್ಣು, ಹುಡುಕುತ್ತಾನೆ. ಅದರ ತುಸು ಮೇಲೆ ಗರಗಸದ ಅಲಗಿನಿಂದ ತೊಗಟೆಯನ್ನು ಅಡ್ಡಕ್ಕೆ ಗೀರುತ್ತಾನೆ. ಒಳಗಿನ ಕಟ್ಟಿಗೆ ತಾಗಿದರೆ ಸಾಕು, ಇನ್ನೂ ಆಳ ಬೇಡ. ಮರದ ತುದಿಗಳಿಂದ ಆಕ್ಸಿನ್ ಎಂಬ ಹಾರ್ಮೋನು ಸದಾ ಕೆಳಗಿಳಿಯುತ್ತಿರುತ್ತದೆ. ಅದು ಇಳಿಯುತ್ತಿರುವಷ್ಟು ಕಾಲ ಕೆಳಗಿನ ಕಣ್ಣುಗಳಿಗೆ ಚಿಗುರಲು ಅಪ್ಪಣೆಯಿಲ್ಲ. ಗೀರು ಆ ಹರಿವನ್ನು ತಡೆಯುತ್ತದೆ. ಕಣ್ಣು ಬಿಡುತ್ತದೆ. (ಪ್ರತಿ ಸಲವೂ ಅಲ್ಲ. ಬಿಡದಿದ್ದರೆ ಕಸಿ ಕಟ್ಟಬೇಕಾಗುತ್ತದೆ.) ಲೂಯಿಯ ತೋಟಗಾರನಿಗೆ ಆಕ್ಸಿನ್ ಗೊತ್ತಿರಲಿಲ್ಲ, ಅದು 20ನೇ ಶತಮಾನದ ಶೋಧ.

ಈ ಕಣ್ಣು ನಿನ್ನೆ ಮೊನ್ನೆಯದಲ್ಲ. ಕಾಂಡವಿನ್ನೂ ಎಳೆಯ ಕಡ್ಡಿಯಾಗಿದ್ದಾಗ ಯಾವುದೋ ಎಲೆಯ ಕಂಕುಳಲ್ಲಿ ಮೂಡಿದ್ದು. ಎಲೆ ಉದುರಿತು. ಕಾಂಡ ವರ್ಷಕ್ಕೊಂದು ಉಂಗುರ ಸುತ್ತಿಕೊಂಡು ದಪ್ಪವಾಗುತ್ತಾ ಹೋಯಿತು. ಅದರೊಳಗೆ ಕಣ್ಣು ಹೂತುಹೋಗಬೇಕಿತ್ತಲ್ಲ? ಹೋಗಲಿಲ್ಲ. ಮರ ದಪ್ಪವಾದಷ್ಟೂ ತಾನೂ ಹೊರಕ್ಕೆ ಸರಿಯುತ್ತಾ ಬಂದು ತೊಗಟೆಯ ಅಡಿಯಲ್ಲೇ ಉಳಿಯಿತು. ಅಂಥ ಕಡೆ ಸರಿಯಾಗಿ ಅಡ್ಡ ಕೊಯ್ದರೆ ತಿರುಳಿನಿಂದ ತೊಗಟೆಯವರೆಗೆ ಎಳೆಯಂಥ ಗೆರೆಯೊಂದು ಸಿಗುತ್ತದೆ, ಕಣ್ಣು ಸಾಗಿ ಬಂದ ದಾರಿ ಅದು. ಸುಪ್ತ ಮೊಗ್ಗು ಎಂದು ಪುಸ್ತಕಗಳು ಕರೆಯುವ ಈ ಜೀವ ಒಂದು ವರ್ಷವೂ ಸುಮ್ಮನೆ ಮಲಗಿಲ್ಲ!

ಮುರಿದ ಜಾಗವೋ, ಅದು ಹಾಗೇ ಇರುತ್ತದೆ. ಅಮೆರಿಕದ ಮರತಜ್ಞ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಹೇಳಿದ್ದು ಇದನ್ನೇ: ಮರ ಕೆಟ್ಟ ಭಾಗವನ್ನು ರಿಪೇರಿ ಮಾಡುವುದಿಲ್ಲ, ಸುತ್ತ ತಡೆ ಕಟ್ಟಿ, ಹೊಸ ಕಟ್ಟಿಗೆಯಿಂದ ಮುಚ್ಚಿ, ಗಾಯವನ್ನು ಹೊತ್ತೇ ಬಾಳುತ್ತದೆ.

ಹೊಸ ಚಿಗುರನ್ನು ಕೂಡಲೇ ತಂತಿಗೆ ಮಲಗಿಸುವಂತಿಲ್ಲ. ಮಲಗಿಸಿದರೆ ಬೆಳವಣಿಗೆ ಕುಂಠಿತವಾಗುತ್ತದೆ. ಆ ಬೇಸಿಗೆಯಿಡೀ ಅದನ್ನು ಓರೆಯಾಗಿ ಮೇಲಕ್ಕೆ ಹೋಗಲು ಬಿಟ್ಟು, ಸಾಕಷ್ಟು ಉದ್ದವಾದ ಮೇಲೆ ಎಲೆ ಉದುರುವ ಕಾಲಕ್ಕೆ ಮೆಲ್ಲಗೆ ಬಗ್ಗಿಸಿ ಕಟ್ಟುತ್ತಾರೆ.