ಗೋರಿಯ ನಾದವೂ ಶ್ರಾವಕನ ವ್ರತವೂ



ಸಪ್ತವ್ಯಸನಗಳಲ್ಲಿ ಬೇಟೆಯೂ ಒಂದೆಂಬುದನ್ನು ಜೈನಗೃಹಗಳ ಮಕ್ಕಳೂ ಬಲ್ಲರು. ಆದರೆ ಬಾಣವು ಬಿಲ್ಲನ್ನು ಬಿಟ್ಟಾಗ ಮಾತ್ರ ಆ ಪಾಪವು ಆರಂಭವಾಗುವುದೆಂದು ಭಾವಿಸುವುದು ತಪ್ಪು.

ಹಳಗನ್ನಡದಲ್ಲಿ ‘ಗೋರಿ’ ಎಂಬ ಮಾತುಂಟು. ಸಮಾಧಿ ಎಂಬರ್ಥದ ಗೋರಿಯಲ್ಲ. ಬೇಡನು ಹಾಡಿ ಹುಲ್ಲೆಗಳನ್ನು ಮರುಳುಗೊಳಿಸುವ ಗಾನವಿದು. ಇದಕ್ಕಿಂತ ಕ್ರೂರವಾದ ಬಗೆಯೂ ಹಲವು ದೇಶಗಳ ಬೇಟೆಗಾರರಲ್ಲಿದೆ. ಎಲೆಯನ್ನು ತುಟಿಗಿಟ್ಟು ಊದಿ ಮರಿಯ ಕೂಗನ್ನು ಅನುಕರಿಸುವರು. ಮರಿಗೆ ಕೇಡಾಯಿತೆಂದು ತಾಯಿ ಓಡಿ ಬರುವುದು. ಗಾನಕ್ಕೆ ಸೋತ ಹುಲ್ಲೆಯನ್ನು ಕರ್ಣೇಂದ್ರಿಯದ ವಶವಾದುದಕ್ಕೆ ದೃಷ್ಟಾಂತವಾಗಿ ಹೇಳುವುದುಂಟು. ಮರಿಯ ಕೂಗಿಗೆ ಬಂದ ತಾಯಿಯಾದರೋ ವಾತ್ಸಲ್ಯದಿಂದಲೇ ಕೆಟ್ಟಿತು. ಆ ಧ್ವನಿಯನ್ನು ಹೊರಡಿಸಿದವನಲ್ಲಿ ಕೊಲ್ಲುವ ಸಂಕಲ್ಪವೂ ವಂಚನೆಯೂ ಒಂದಾಗಿವೆ. ಮೃಗವು ತಪ್ಪಿಸಿಕೊಂಡರೂ ಅವನ ಭಾವಹಿಂಸೆಯು ಆಗಿಹೋಯಿತು.

“ನಮ್ಮ ಮನೆಯಲ್ಲಿ ಬೇಟೆಗಾರರಿಲ್ಲ, ಈ ಮಾತು ನಮಗೇಕೆ?” ಎಂದು ಮಲವಗೊಪ್ಪದ ಶ್ರಾವಕನೊಬ್ಬನು ಕೇಳಬಹುದು. ಶಿವಮೊಗ್ಗದ ಪಶ್ಚಿಮಕ್ಕೆ 1974ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಶೆಟ್ಟಿಹಳ್ಳಿಯ ಕಾಡಿದೆ. ಅಲ್ಲಿ ಜಿಂಕೆ, ಕಡವೆಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅವುಗಳ ಬೇಟೆಯನ್ನು ನಿಷೇಧಿಸಿದೆ. ಆದರೂ ಪರಿಚಿತನೊಬ್ಬನು ಬಂದು, “ಜಿಂಕೆಗಳು ನೀರಿಗೆ ಎಲ್ಲಿ ಇಳಿಯುತ್ತವೆ?” ಎಂದು ಕೇಳಿದನೆನ್ನಿ. ಅವನ ಉದ್ದೇಶವನ್ನರಿತೂ ದಾರಿ ತೋರಿದರೆ ಅದು ಅನರ್ಥದಂಡದಲ್ಲಿ ಪಾಪೋಪದೇಶವೆನಿಸುವುದು. ಇಂಥೆಡೆ ಮೃಗಗಳಿವೆ ಎಂದು ಬೇಡನಿಗೆ ತಿಳಿಸುವುದನ್ನೇ ಆಚಾರ್ಯರು ಹೆಸರಿಸಿ ತ್ಯಜಿಸಹೇಳಿದ್ದಾರೆ. ಅವನ ಚಾತುರ್ಯದ ಕಥೆಗೆ ತಲೆದೂಗಿದರೆ ಅನುಮೋದನೆಯ ದೋಷ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳನ್ನೂ ಮುಚ್ಚದೆ ಮನೆಯು ಭದ್ರವಾಗದು.

ದೇಶವ್ರತದ ಅತಿಚಾರಗಳಲ್ಲಿ ‘ಶಬ್ದಾನುಪಾತ’ವೊಂದಿದೆ. ತಾನು ಎಲ್ಲೆ ದಾಟದೆ, ಹೊರಗಿರುವವನ ಗಮನ ಸೆಳೆಯಲು ಕೆಮ್ಮಿದರೂ ವ್ರತಕ್ಕೆ ಮಲಿನತೆ. ಒಂದು ಕೆಮ್ಮನ್ನೂ ಲೆಕ್ಕವಿಡುವ ಧರ್ಮದಲ್ಲಿ ಪ್ರಾಣವನ್ನೇ ಸೆಳೆಯುವ ಧ್ವನಿಯ ಭಾರವೆಷ್ಟಿರಬೇಕು!

ಶಬ್ದವು ಕೆಡಿಸುವಂತೆ ಉದ್ಧರಿಸಲೂ ಬಲ್ಲದು. ವಿವಾಹಕ್ಕೆ ಹೊರಟ ನೇಮಿಕುಮಾರನ ಕಿವಿಗೆ ಬಿದ್ದುದು ಬೇಲಿಯೊಳಗೆ ಕೂಡಿದ್ದ ಮೃಗಗಳ ಆರ್ತನಾದ. ಬೇಡನು ಕೂಗಿ ಮೃಗವನ್ನು ಮೃತ್ಯುವಿನೆಡೆಗೆ ಸೆಳೆದರೆ, ಇಲ್ಲಿ ಮೃಗಗಳ ಕೂಗು ರಾಜಕುಮಾರನನ್ನು ವೈರಾಗ್ಯದೆಡೆಗೆ ಸೆಳೆಯಿತು. ಮಂಗಳವಾದ್ಯದ ನಡುವೆಯೂ ಆ ಸ್ವಾಮಿಯು ಅದನ್ನು ಕೇಳಿಸಿಕೊಂಡನು, ಊರ್ಜಯಂತಗಿರಿಯಲ್ಲಿ ಮುಕ್ತನಾದನು.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಉಪವಾಸವನ್ನು ವಿವರಿಸುವಾಗ, ಶಬ್ದಾದಿ ವಿಷಯಗಳ ಆಸೆಯನ್ನು ಬಿಟ್ಟು ಐದೂ ಇಂದ್ರಿಯಗಳು ನೆಲೆಗೆ ಬರುವುದನ್ನೇ ಮುಖ್ಯವಾಗಿ ಹೇಳಿದ್ದಾರೆ. ಅಷ್ಟಮಿ, ಚತುರ್ದಶಿಗಳಂದು ಅನ್ನವನ್ನು ಬಿಟ್ಟು, ಬೇಟೆಯ ವರ್ಣನೆಯನ್ನು ಕಿವಿತುಂಬ ಸವಿದವನದು ಉಪವಾಸವಾಗದು; ಬರಿಯ ಹಸಿವಾದೀತು. ಆದುದರಿಂದ ಮುಂದಿನ ಪರ್ವದಿನದಂದು ಮನೆಮಂದಿಯೆಲ್ಲ ಒಂದು ನಿಯಮ ಕೈಗೊಳ್ಳಲಿ: ಯಾವ ಜೀವಿಯ ನಂಬಿಕೆಗೂ ಬಲೆಯಾಗುವ ಮಾತನ್ನು ಆಡುವುದಿಲ್ಲ, ಆಡಿಸುವುದಿಲ್ಲ, ಆಡಿದವರನ್ನು ಮೆಚ್ಚುವುದಿಲ್ಲ.